ಎಡಗಿವಿಯ ಕಡಲು

ಏಪ್ರಿಲ್ ತಿಂಗಳಲ್ಲಿ ಗದ್ದೆಗಳಿಗೆ ನೀರು ಬಿಟ್ಟ ಮೇಲೆ ಟ್ಯೂರಿನ್ನಿಗೂ ಮಿಲಾನಿಗೂ ನಡುವಿನ ವೆರ್ಚೆಲ್ಲಿಯ ಬಯಲಿನಲ್ಲಿ ನೆಲ ಅನ್ನುವುದೇ ಉಳಿಯುವುದಿಲ್ಲ. ಮೇಲೊಂದು ಆಕಾಶ, ಕೆಳಗೊಂದು ಆಕಾಶ, ನಡುವೆ ಒಂದೂವರೆ ಮೊಳ ಅಗಲದ ಬದುಗಳು. ಎವಾಸಿಯೊ ದೆಗ್ರಾಂದಿ ಸೈಕಲ್ಲು ಕಲಿತದ್ದು ಆ ಬದುಗಳ ಮೇಲೆ.

ಅವನು ನೀರುಗಂಟಿ. ಅವನ ಅಪ್ಪನೂ ಅದೇ ಜಮೀನಿನ ನೀರುಗಂಟಿಯಾಗಿದ್ದವನು. ಮುನ್ನೂರು ಮಡಿಗಳಿಗೆ ನೀರು ಕಟ್ಟುವುದು, ಒಂದಕ್ಕೆ ಎರಡು ಬೆರಳು ಹೆಚ್ಚಾದರೆ ತೂಬು ತೆಗೆದು ಪಕ್ಕದ ಮಡಿಗೆ ಹಾಯಿಸುವುದು, ಇಲಿ ತೋಡಿದ ಬಿಲಗಳನ್ನು ಕೆಸರಿನಿಂದ ಮುಚ್ಚುವುದು. ಎಲ್ಲವನ್ನೂ ಒಂದು ಸುತ್ತು ನಡೆದು ನೋಡುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಸಾವಿರದ ಒಂಬೈನೂರ ಏಳನೇ ಇಸವಿಯಲ್ಲಿ ಜಮೀನಿನ ಪಾರುಪತ್ತೆಗಾರ ಎಲ್ಲಿಂದಲೋ ಒಂದು ಹಳೆಯ ಕಬ್ಬಿಣದ ಸೈಕಲ್ಲು ತಂದು, "ತಗೋ, ಇನ್ನು ಮೇಲೆ ಹತ್ತು ಗಂಟೆಯೊಳಗೆ ಸುತ್ತು ಮುಗೀಬೇಕು" ಎಂದು ಅವನ ಕೈಗೆ ಕೊಟ್ಟ. ಎವಾಸಿಯೊನಿಗೆ ಆಗ ಇಪ್ಪತ್ತೆರಡು ವರ್ಷ. ಉದ್ದನೆಯ ಕಾಲು, ಯಾವಾಗಲೂ ಆಗತಾನೇ ಎದ್ದು ಬಂದವನ ಹಾಗೆ ಅರ್ಧ ಮುಚ್ಚಿದ ರೆಪ್ಪೆ.

ಮೊದಲನೆಯ ವಾರ ದಿನಕ್ಕೆ ಮೂರು ಸಲ ನೀರಿಗೆ ಬಿದ್ದ. ಅದು ಕಳೆ ಕೀಳುವ ಕಾಲ. ದೂರದ ರೆಜ್ಜೊ ಸೀಮೆಯಿಂದ ನಲವತ್ತು ದಿನಕ್ಕೆಂದು ಬಂದ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಸಾಲಾಗಿ ಬಗ್ಗಿ, ಹಾಡು ಹೇಳುತ್ತ ಮುಂದೆ ಮುಂದೆ ಸರಿಯುತ್ತಿದ್ದರು. ಅವನು ಬಿದ್ದ ಸದ್ದಿಗೆ ಹಾಡು ನಿಂತಿತು.

"ಏನಯ್ಯಾ ನೀರುಗಂಟಿ, ಗದ್ದೆ ಎಷ್ಟು ಆಳ ಇದೆ ಅಂತ ಮೈಯಲ್ಲೇ ಅಳೀತಿದೀಯಾ?" ಎಂದು ಸಾಲಿನ ತುದಿಯಲ್ಲಿದ್ದ ಒಬ್ಬಳು ಕೇಳಿದಳು.

"ಇಲ್ಲ ಕಣೇ ಜಾಯಿರಾ, ಮಧ್ಯಾಹ್ನದ ಊಟಕ್ಕೆ ಕಪ್ಪೆ ಹಿಡೀತಿದಾನೆ" ಎಂದಳು ಇನ್ನೊಬ್ಬಳು.

ಎವಾಸಿಯೊ ಟೋಪಿಯಿಂದ ನೀರು ಸುರಿದ. "ನಗ್ರೀ, ನಗ್ರೀ. ನಾಳೆ ನಿಮ್ಮ ಸೊಂಟದ ಮಟ್ಟಕ್ಕೆ ನೀರು ಬಿಡ್ತೀನಿ."

"ಬಿಡು, ಈಜ್ಕೊಂಡು ನಮ್ಮೂರಿಗೆ ಹೋಗ್ತೀವಿ. ಕಳೆ ನಿಮ್ಮಮ್ಮ ಕಿತ್ಕೊಳ್ಲಿ" ಎಂದಳು ಜಾಯಿರಾ. ಬಿಸಿಲಿಗೆ ಕಂದಿದ ಮುಖ, ಹುಲ್ಲಿನ ದೊಡ್ಡ ಟೋಪಿ. ಅವಳ ಹಲ್ಲಿನ ನಡುವೆ ಒಂದು ಸಂದು ಇದ್ದದ್ದನ್ನು ಅವನು ಆ ಹೊತ್ತಿನಲ್ಲೂ ಗಮನಿಸಿದ.

ಜೂನ್ ಮುಗಿಯುವ ಹೊತ್ತಿಗೆ ಉದ್ದ ಹಿಡಿಯ ಗುದ್ದಲಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡು, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು, ಬದುವಿನಿಂದ ಬದುವಿಗೆ ಹಾರಿಸುತ್ತ ಹೋಗುವಷ್ಟು ಪಳಗಿದ. ಅವನಿಗೆ ತಿಳಿದದ್ದು ಇಷ್ಟು: ಚಕ್ರ ನೋಡಬಾರದು, ನೀರನ್ನೂ ನೋಡಬಾರದು, ಏನನ್ನೂ ನೋಡದೆ ದೂರಕ್ಕೆ ಕಣ್ಣು ಬಿಟ್ಟುಕೊಂಡಿರಬೇಕು. ಮನಸ್ಸು ನೀರಿನ ಕಡೆ ವಾಲಿದರೆ ಚಕ್ರವೂ ವಾಲುತ್ತದೆ. ಹಾಗೆ ತುಳಿಯುತ್ತ ತುಳಿಯುತ್ತ ಒಂದು ಬಗೆಯ ಜೊಂಪು ಹತ್ತುತ್ತಿತ್ತು. ಎರಡು ಆಕಾಶಗಳ ನಡುವೆ ತಾನು ಹೋಗುತ್ತಿದ್ದೇನೋ, ಅಥವಾ ತಾನು ನಿಂತೇ ಇದ್ದು ಮೋಡಗಳು ಕಾಲಡಿಯಲ್ಲಿ ಹಿಂದಕ್ಕೆ ಹರಿಯುತ್ತಿವೆಯೋ ಹೇಳಲಾಗುತ್ತಿರಲಿಲ್ಲ. ಕೊಕ್ಕರೆಗಳು ಅವನನ್ನು ಕಂಡು ಏಳುವುದನ್ನು ಬಿಟ್ಟವು.

ಇದನ್ನೆಲ್ಲ ಗಂಟೆಗೋಪುರದ ಮೇಲಿನಿಂದ ಒಬ್ಬರು ನೋಡುತ್ತಿದ್ದರು. ಊರಿನ ಪಾದ್ರಿ ದೋನ್ ಸೆಕೊಂದೊ. ಐವತ್ತು ದಾಟಿದ, ಗುಂಡಗಿನ ಮನುಷ್ಯ. ಜಪದ ಪುಸ್ತಕದೊಳಗೆ ಆಟೋಟದ ಪತ್ರಿಕೆ ಮಡಿಸಿಟ್ಟುಕೊಂಡು ಓದುವವರು. ಪಾದ್ರಿಗಳು ಸೈಕಲ್ಲು ಹತ್ತಕೂಡದೆಂದು ಬಿಷಪ್ಪರ ಕಟ್ಟಪ್ಪಣೆ ಇದ್ದದ್ದರಿಂದ ಅವರ ಆಸೆಯೆಲ್ಲ ಕಣ್ಣಿನಲ್ಲೇ ಉಳಿದಿತ್ತು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಎವಾಸಿಯೊನನ್ನು ತಡೆದು ನಿಲ್ಲಿಸಿದರು.

"ಎರಡನೇ ತೂಬಿನಿಂದ ಗಿರಣಿಯವರೆಗೆ ನಾಲ್ಕು ನಿಮಿಷ ಹತ್ತು ಸೆಕೆಂಡು. ನಿನಗೆ ಗೊತ್ತಾ?"

"ಏನು ಸ್ವಾಮಿ, ತಡ ಆಯ್ತಾ?"

"ಅಯ್ಯೋ ದಡ್ಡ! ಟ್ಯೂರಿನ್ನಿನವರು ಟಾರು ಬಳಿದ ಮೈದಾನದಲ್ಲೂ ಹಾಗೆ ಹೊಡೆಯಲ್ಲ. ಸೆಪ್ಟೆಂಬರಿನಲ್ಲಿ ತ್ರೀನೊದಲ್ಲಿ ಪಂದ್ಯ ಇದೆ. ಹವ್ಯಾಸಿಗಳಿಗೆ. ನಿನ್ನ ಹೆಸರು ಬರೆಸಿಬಿಟ್ಟಿದೀನಿ."

"ನನ್ನ ಕೇಳ್ದೆ?"

"ಕೇಳಿದ್ರೆ ಬೇಡ ಅಂತಿದ್ದೆ."

ತ್ರೀನೊದ ಆ ಪಂದ್ಯ ಅರವತ್ತು ಕಿಲೋಮೀಟರಿನದು. ಊರಿನ ವಕೀಲರ ಗುಮಾಸ್ತರು, ಕ್ಷೌರಿಕರು, ಒಬ್ಬ ಅಂಚೆಯವ, ಎಲ್ಲರೂ ಪಟ್ಟೆ ಪಟ್ಟೆಯ ಬನಿಯನ್ನು ಹಾಕಿಕೊಂಡು ಬಂದಿದ್ದರು. ಎವಾಸಿಯೊ ಗದ್ದೆಯ ಚಲ್ಲಣದಲ್ಲೇ ನಿಂತ. ಅರ್ಧ ದಾರಿಯಲ್ಲಿ ನಾಲೆ ಒಡೆದು ರಸ್ತೆ ಮುಳುಗಿತ್ತು. ಮುಂದಿದ್ದವರೆಲ್ಲ ಇಳಿದು ಸೈಕಲ್ಲು ಹೊತ್ತುಕೊಂಡು ನೀರಿನಲ್ಲಿ ತಡಕಾಡುತ್ತಿದ್ದರೆ, ಅವನು ಇಳಿಯುವ ಯೋಚನೆಯನ್ನೇ ಮಾಡದೆ ರಸ್ತೆ ಪಕ್ಕದ ಬದುವಿನ ಮೇಲೆ ಹತ್ತಿ ಹಾಗೇ ಹೋಗಿಬಿಟ್ಟ. ಗುಮಾಸ್ತನೊಬ್ಬ ಕೊನೆಯಲ್ಲಿ ತಕರಾರು ತೆಗೆದ. ತೀರ್ಪುಗಾರರು ಹೋಗಿ ಬದುವನ್ನು ನೋಡಿ ಬಂದು, "ಇದರ ಮೇಲೆ ಬೇಕಾದ್ರೆ ನೀನೂ ಹೊಡಿ, ನೋಡೋಣ" ಎಂದರು. ಗುಮಾಸ್ತ ತಕರಾರು ಬಿಟ್ಟ. ಬಹುಮಾನ ಒಂದು ಜೀವಂತ ಬಾತುಕೋಳಿ. ಅದನ್ನು ಚೀಲದಲ್ಲಿ ಕತ್ತು ಮಾತ್ರ ಹೊರಗಿಟ್ಟು ಹ್ಯಾಂಡಲಿಗೆ ಕಟ್ಟಿಕೊಂಡು ಮನೆಗೆ ಬಂದ. ಕೊಯ್ಯಲು ಅವನ ಅಮ್ಮನಿಗೆ ಮನಸ್ಸು ಬರಲಿಲ್ಲ. ಅದು ಹನ್ನೊಂದು ವರ್ಷ ಬಾಳಿತು.

ಆಮೇಲೆ ಮೂರು ವರ್ಷ ಪ್ರತಿ ಭಾನುವಾರ ಎಲ್ಲಾದರೂ ಒಂದು ಕಡೆ ಪಂದ್ಯ. ದೋನ್ ಸೆಕೊಂದೊ ಮತ್ತು ಊರಿನ ಕಮ್ಮಾರ ಸೇರಿ ಅಲ್ಲಿ ಇಲ್ಲಿ ಸಿಕ್ಕ ಬಿಡಿಭಾಗಗಳಿಂದ ಒಂದು ಹಗುರ ಸೈಕಲ್ಲು ಕಟ್ಟಿಕೊಟ್ಟರು. ಮಾಂಫೆರಾತೊ ಗುಡ್ಡಗಳ ದ್ರಾಕ್ಷಿತೋಟದ ದಾರಿಗಳು, ಪೋ ನದಿಯ ಏರಿ, ಹಿಟ್ಟಿನಂಥ ಬಿಳಿ ಧೂಳು ಏಳುವ ಹೆದ್ದಾರಿಗಳು. ಮನೆಯಲ್ಲಿ ಬಹುಮಾನವೆಂದು ಒಂದು ಛತ್ರಿ, ಒಂದು ಹವಾಮಾಪಕ, ಹನ್ನೆರಡು ಬಾಟಲಿ ಕೆಂಪು ದ್ರಾಕ್ಷಾರಸ, ಯಾರದ್ದೆಂದು ಯಾರಿಗೂ ತಿಳಿಯದ ಒಂದು ಗಡ್ಡದವನ ತಲೆಯ ಪ್ರತಿಮೆ, ಹದಿನೇಳು ಪದಕ ಸೇರಿದವು. ಸೋಮವಾರ ಬೆಳಗ್ಗೆ ಅವನು ಮತ್ತೆ ತೂಬಿನ ಹತ್ತಿರ ಇರುತ್ತಿದ್ದ. ಕಣ್ಣು ಅರ್ಧ ಮುಚ್ಚಿಕೊಂಡೇ ಓಡಿಸುವುದನ್ನು ಕಂಡು ಯಾವುದೋ ಪತ್ರಿಕೆಯವರು 'ನಿದ್ದೆಗಣ್ಣ' ಎಂದು ಹೆಸರಿಟ್ಟರು. ಅದೇ ಹೆಸರು ನಿಂತಿತು.

ಎಲ್ಲ ಪಂದ್ಯವನ್ನೂ ಅವನು ಗೆಲ್ಲುತ್ತಿರಲಿಲ್ಲ. ಎದುರಿನವನನ್ನು ಹಣಿಯಬೇಕೆಂಬ ಛಲ ಅವನಿಗೆ ಅಷ್ಟಾಗಿ ಇರಲಿಲ್ಲ. ಅವನಿಗೆ ಬೇಕಾದದ್ದು ಆ ಜೊಂಪು. ಐವತ್ತು ಅರವತ್ತು ಕಿಲೋಮೀಟರು ದಾಟಿದ ಮೇಲೆ ಉಸಿರು ತನ್ನದಲ್ಲ ಅನ್ನಿಸುವ ಒಂದು ಹೊತ್ತು ಬರುತ್ತದೆ. ಆಗ ಕಾಲು ತಾನಾಗಿ ತಿರುಗುತ್ತದೆ, ರಸ್ತೆಯ ಎರಡೂ ಬದಿ ನೀರಾಗುತ್ತದೆ. ಆ ಹೊತ್ತು ಬಂದ ದಿನ ಅವನನ್ನು ಯಾರೂ ಹಿಡಿಯಲಾಗುತ್ತಿರಲಿಲ್ಲ. ಬಾರದ ದಿನ ಹತ್ತನೆಯವನೋ ಹನ್ನೆರಡನೆಯವನೋ ಆಗಿ ಬಂದು, ಬೇಜಾರಿಲ್ಲದೆ ಒಂದು ತಟ್ಟೆ ಹುರುಳಿಕಾಯಿ ಬೀಜ ಹಾಕಿ ಬೇಯಿಸಿದ ಅನ್ನ ತಿಂದು ಮಲಗುತ್ತಿದ್ದ.

ಹತ್ತನೇ ಇಸವಿಯ ನವೆಂಬರಿನಲ್ಲಿ ಒಂದು ಬೆಳಗ್ಗೆ ದಟ್ಟವಾಗಿ ಮಂಜು ಕವಿದಿತ್ತು. ಚಾಚಿದ ಕೈ ಕಾಣುತ್ತಿರಲಿಲ್ಲ. ಕೊಯ್ಲಾದ ಗದ್ದೆಗಳ ನಡುವಿನ ದೊಡ್ಡ ಬದುವಿನ ಮೇಲೆ ದೋನ್ ಸೆಕೊಂದೊ ಪ್ರತ್ಯಕ್ಷರಾದರು. ನಿಲುವಂಗಿಯನ್ನು ಸೊಂಟಕ್ಕೆ ಎತ್ತಿ ಕಟ್ಟಿದ್ದರು.

"ಎಲ್ಲಿ, ಸೈಕಲ್ಲು ಕೊಡು."

"ಸ್ವಾಮಿ, ಯಾರಾದ್ರೂ ನೋಡಿದ್ರೆ? ದೇವರು ಮೆಚ್ಚಲ್ಲ."

"ದೇವರು ನೋಡಿದ್ರೆ ಪರವಾಗಿಲ್ಲ, ಅವನ ಹತ್ರ ನಾನು ಮಾತಾಡ್ಕೋತೀನಿ. ಬಿಷಪ್ಪರು ನೋಡಬಾರದು ಅಷ್ಟೆ. ಹಿಡ್ಕೋ ಸೀಟು... ಹಿಡ್ಕೊಂಡಿದೀಯಾ?"

"ಹಿಡ್ಕೊಂಡಿದೀನಿ."

ಹಿಡಿದುಕೊಂಡು ಹತ್ತು ಹೆಜ್ಜೆ ಓಡಿದ, ಬಿಟ್ಟ. ಕಪ್ಪು ನಿಲುವಂಗಿ ಎರಡು ಸಲ ವಾಲಾಡಿ ಮಂಜಿನೊಳಗೆ ಕರಗಿತು. ಎವಾಸಿಯೊ ಕಿವಿಗೊಟ್ಟು ನಿಂತ. ಸರಪಳಿಯ ಸದ್ದು ಸಣ್ಣದಾಗುತ್ತ ಹೋಗಿ ಏನೂ ಇಲ್ಲವಾಯಿತು. ಬೀಳುವ ಸದ್ದಿಗಾಗಿ ಕಾದ, ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅದೇ ಸರಪಳಿ ಮಂಜಿನ ಇನ್ನೊಂದು ಮೂಲೆಯಿಂದ ಕೇಳಿಸಿತು. ಗದ್ದೆಯನ್ನು ಒಂದು ಸುತ್ತು ಹಾಕಿ ಬಂದಿದ್ದರು. ಇಳಿದ ಪಾದ್ರಿಯ ಹುಬ್ಬಿನ ಮೇಲೆ ಮಂಜಿನ ಹನಿ, ಕೆನ್ನೆ ಹುಡುಗನ ಕೆನ್ನೆಯ ಹಾಗೆ ಕೆಂಪು.

"ಹೇಗಿತ್ತು ಸ್ವಾಮಿ?"

"ಏನೂ ಕಾಣಿಸ್ಲಿಲ್ಲ ಕಣೋ. ಸುಮ್ನೆ ಹೋಗ್ತಾ ಇದ್ದೆ." ನಿಲುವಂಗಿ ಇಳಿಸಿಕೊಂಡು, ಗಂಟಲು ಸರಿಮಾಡಿಕೊಂಡು ಮತ್ತೆ ಪಾದ್ರಿಯಾದರು. "ಮಾರ್ಚಿನಲ್ಲಿ ಕಸಾಲೆಯಿಂದ ಸವೋನಾಗೆ ಪಂದ್ಯ ಇಟ್ಟಿದಾರೆ. ಬೆಟ್ಟ ಹತ್ತಿ ಆ ಕಡೆ ಕಡಲಿಗೆ ಇಳಿಯೋದು. ನೀನು ಕಡಲು ನೋಡಿದೀಯಾ?"

"ನೀರು ನೋಡಿದೀನಲ್ಲ, ಸ್ವಾಮಿ."

"ಅದು ಬೇರೆ, ಇದು ಬೇರೆ. ಹೋಗ್ಬೇಕು ನೀನು."

ಪಂದ್ಯಕ್ಕೆ ಒಂದು ವಾರ ಇರುವಾಗ ರೆಜ್ಜೊದಿಂದ ಒಂದು ಕಾರ್ಡು ಬಂತು. ಜಾಯಿರಾಳದು. ನಾಲ್ಕು ವರ್ಷಗಳಿಂದ ಕಳೆ ಕೀಳುವ ಕಾಲಕ್ಕೆ ತಪ್ಪದೆ ಬರುತ್ತಿದ್ದಳು. ಬದುವಿನ ಮೇಲಿನಿಂದ ಅವನು, ನೀರಿನೊಳಗಿನಿಂದ ಅವಳು ಒಬ್ಬರನ್ನೊಬ್ಬರು ಛೇಡಿಸುವುದು ಬಿಟ್ಟರೆ ಬೇರೆ ಮಾತು ನಡೆದಿರಲಿಲ್ಲ. ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು: "ಪೇಪರಿನಲ್ಲಿ ನಿನ್ನ ಹೆಸರು ಓದಿದೆ. ಕಡಲು ಹೇಗಿದೆ ನೋಡ್ಕೊಂಡು ಬಾ. ನಾನೂ ನೋಡಿಲ್ಲ. ಬಂದು ಹೇಳು, ಸುಳ್ಳು ಸೇರಿಸ್ಬೇಡ." ಕಾರ್ಡನ್ನು ಅವನು ಪಂದ್ಯದ ದಿನ ಬನಿಯನ್ನಿನೊಳಗೆ ಇಟ್ಟುಕೊಂಡ.

ಕಸಾಲೆಯ ಸೇತುವೆಯ ಬಳಿ ಐವತ್ತೆಂಟು ಜನ ಹೊರಟರು. ಬಯಲಿನ ಮಂಜಿನಲ್ಲಿ ಯಾರು ಎಲ್ಲಿದ್ದಾರೆಂದು ಯಾರಿಗೂ ತಿಳಿಯದೆ ಬರೀ ಕೆಮ್ಮು, ಬೈಗುಳ, ಸರಪಳಿಗಳ ಸದ್ದು. ಓವಾದಾ ಊರು ಬರುವ ಹೊತ್ತಿಗೆ ಎವಾಸಿಯೊನಿಗೆ ಅವನ ಆ ಜೊಂಪಿನ ಹೊತ್ತು ಬಂದಿತ್ತು. ಊರು ದಾಟಿದ ಮೇಲೆ ರಸ್ತೆ ಏರತೊಡಗಿತು. ಅಲ್ಲಿ ಒಂದು ತಿರುವಿನಲ್ಲಿ ಸುಣ್ಣ ಹೇರಿದ್ದ ಗಾಡಿ ಮಗುಚಿಕೊಂಡಿತ್ತು. ಗಾಳಿಗೆ ಪುಡಿ ಬೆಳ್ಳಗೆ ಹಾರುತ್ತಿತ್ತು. ಅವನು ಜೊಂಪಿನಲ್ಲೇ ಅದರೊಳಗೆ ನುಗ್ಗಿ ಆಚೆ ಬಂದ. ಕಣ್ಣು ಉರಿಯಿತು, ಕೈಗವಸಿನಲ್ಲಿ ಒರೆಸಿಕೊಂಡ. ಒರೆಸಿಕೊಳ್ಳಬಾರದಿತ್ತು.

ಮೇಲೆ ಹೋದಂತೆ ಮಂಜು ಹೋಗಿ ಹಿಮ ಬೆರೆತ ಮಳೆ ಶುರುವಾಯಿತು. ಈಗ ಮುಂದೆ ಉಳಿದದ್ದು ಇಬ್ಬರೇ. ಅವನ ಜೊತೆಗೆ ಇದ್ದವನು ಜೊಬಾತ್ತಾ, ಬೆಟ್ಟದ ಆಚೆಯ ವೋಲ್ತ್ರಿ ಊರಿನ ಕಾಗದದ ಗಿರಣಿಯವನು. ಮೂವತ್ತೈದರ ಆಸುಪಾಸು, ಕುಳ್ಳ, ಮಹಾ ಬಾಯಿಬಡುಕ. ಈ ಬೆಟ್ಟದ ಹಳ್ಳಿಗಳಿಂದ ಗಿರಣಿಗೆ ಚಿಂದಿ ಬಟ್ಟೆ ತರುವುದು ಅವನ ಕೆಲಸವಾದ್ದರಿಂದ ರಸ್ತೆಯ ಒಂದೊಂದು ಕಲ್ಲೂ ಅವನಿಗೆ ಪರಿಚಯ. ಏರುವಾಗಲೂ ಅವನ ಮಾತು ನಿಂತಿರಲಿಲ್ಲ.

ಎವಾಸಿಯೊನಿಗೆ ಮೊದಲು ಮರಗಳ ಸುತ್ತ ಬಣ್ಣದ ಬಳೆಗಳು ಕಂಡವು. ಆಮೇಲೆ ಮರಗಳೇ ಹಾಲಿನಲ್ಲಿ ಅದ್ದಿದ ಹಾಗಾದವು. ತುರ್ಕೀನೊ ಕಣಿವೆಯ ತುದಿಯಲ್ಲಿ ರಸ್ತೆ ಒಂದು ಸುರಂಗವನ್ನು ಹೊಕ್ಕು ಹಾಯುತ್ತದೆ. ಒಳಗೆ ಕತ್ತಲು, ತಲೆಯ ಮೇಲೆ ತೊಟ್ಟಿಕ್ಕುವ ನೀರು. ಅಲ್ಲಿ ಅವನಿಗೆ ಹಿತವೆನಿಸಿತು. ಆಚೆ ಬಾಯಿಯಲ್ಲಿ ಬಿಸಿಲು ಮೈಗೆ ತಾಗಿತು, ಗಾಳಿ ಒಮ್ಮೆಲೇ ಬೆಚ್ಚಗಾಯಿತು. ಆದರೆ ಕಣ್ಣೆದುರು ಬರೀ ಬಿಳುಪು.

"ನೋಡೋ ಅಗೋ, ಕಡಲು!" ಎಂದು ಜೊಬಾತ್ತಾ ಕೂಗಿದ. ದಿನಾ ನೋಡುವವನಾದರೂ ಪ್ರತಿ ಸಲ ಕೂಗುತ್ತಿದ್ದನಂತೆ.

"ಎಲ್ಲಿ?"

"ಎಲ್ಲಿ ಅಂದ್ರೆ? ನಿನ್ನ ಮೂಗಿನ ಮುಂದೆ! ಏನು, ಕುರುಡನಾ ನೀನು?"

"ಹೂಂ. ಹಾಗೇ ಅನ್ಸುತ್ತೆ" ಎಂದ ಎವಾಸಿಯೊ.

ಜೊಬಾತ್ತಾ ಇಳಿದು ಬಂದು ಅವನ ಮುಖ ಹಿಡಿದು ನೋಡಿದ. ರೆಪ್ಪೆಗಳು ಊದಿ ಅಂಟಿಕೊಳ್ಳುತ್ತಿದ್ದವು. ತನ್ನ ಬಾಟಲಿಯ ನೀರನ್ನೆಲ್ಲ ಆ ಕಣ್ಣುಗಳಿಗೆ ಸುರಿದ. ಉರಿ ಸ್ವಲ್ಪ ತಗ್ಗಿತು, ನೋಟ ಬರಲಿಲ್ಲ.

"ಇಲ್ಲೇ ಕೂತ್ಕೋ. ಹಿಂದಿನಿಂದ ಡಾಕ್ಟರ ಗಾಡಿ ಬರುತ್ತೆ."

"ನೀನು ಹೋಗು. ನಾನು ಹಿಂದೆ ಬರ್ತೀನಿ. ನೀನು ಮಾತಾಡ್ತಾ ಇದ್ರೆ ಸಾಕು."

"ಮಾತಾಡೋದಾ? ನಮ್ಮ ಮನೆಯವಳು ಕೇಳಿದ್ರೆ ಬಿದ್ದು ಬಿದ್ದು ನಗ್ತಾಳೆ. ಬಾಯಿ ಮುಚ್ಚು ಬಾಯಿ ಮುಚ್ಚು ಅಂತ ಹದಿನೈದು ವರ್ಷದಿಂದ ಹೇಳ್ತಿದಾಳೆ." ತನ್ನ ಸೈಕಲ್ಲು ಎತ್ತಿಕೊಂಡು, "ಲೇ, ಇದು ಇಳಿಜಾರು. ಎಡಕ್ಕೆ ಹೋದ್ರೆ ಪ್ರಪಾತ. ತಮಾಷೆ ಅಲ್ಲ" ಎಂದ.

"ನಮ್ಮೂರಲ್ಲೂ ಎರಡೂ ಕಡೆ ನೀರು."

"ಬಿದ್ರೆ ನೆನೆಯೋದು ಬೇರೆ, ಬಿದ್ರೆ ಸಾಯೋದು ಬೇರೆ. ಹತ್ತು, ಹತ್ತು, ಹಾಳಾಗ್ ಹೋಗು. ಸಾಯೋದಾದ್ರೆ ನನ್ನ ಹೆಸರು ಹೇಳ್ಬೇಡ."

ಆ ಇಳಿಜಾರು ಎಷ್ಟು ಹೊತ್ತಿನದೆಂದು ಎವಾಸಿಯೊನಿಗೆ ಎಂದೂ ಹೇಳಲಾಗಲಿಲ್ಲ. ಬಿಳುಪಿನೊಳಗೆ ಒಂದು ದನಿ ಮುಂದೆ ಮುಂದೆ ಓಡುತ್ತಿತ್ತು. ಅವನು ಅದರ ಬೆನ್ನು ಹತ್ತಿದ್ದ. "ಬಲಕ್ಕೆ, ಉದ್ದ ತಿರುವು... ಈಗ ಹೇಸರಗತ್ತೆ ಲಾಯ, ವಾಸನೆ ಬಂತಾ? ಲಾಯ ಆದ ಕೂಡ್ಲೆ ಎಡಕ್ಕೆ... ಸೇತುವೆ, ಹಲಗೆ ಸದ್ದು ಮಾಡುತ್ತೆ, ಹೆದರ್ಬೇಡ... ಇಲ್ಲೊಬ್ಬಳು ಮುದುಕಿ ಇದಾಳೆ, ನನಗೆ ಚಿಂದಿ ಕೊಡೋವಳು, ನಮಸ್ಕಾರ ಕಣಮ್ಮಾ!... ಬಲಕ್ಕೆ, ಬಲಕ್ಕೆ!" ಹೇಸರಗತ್ತೆಗಳ ಬೆಚ್ಚನೆಯ ವಾಸನೆ ಬಂದು ಹೋಯಿತು. ಹಲಗೆಗಳು ಗುಡುಗಿದವು. ಹೊಗೆಯ ವಾಸನೆ, ಒದ್ದೆ ಎಲೆಯ ವಾಸನೆ, ಆಮೇಲೆ ಅವನಿಗೆ ಹೆಸರೇ ಗೊತ್ತಿಲ್ಲದ ಒಂದು ಹುಳಿಹೂವಿನ ವಾಸನೆ. ನಿಂಬೆತೋಟ ಎಂದು ದನಿ ಹೇಳಿತು. ಒಂದೊಂದು ತಿರುವೂ ಒಂದು ದೊಡ್ಡ ಬಾಗಿಲಿನ ಹಾಗೆ ತೆರೆದು ಅವನನ್ನು ಕೆಳಕ್ಕೆ ಬಿಟ್ಟುಕೊಳ್ಳುತ್ತಿತ್ತು. ಹೆದರಿಕೆ ಬರಬೇಕಿತ್ತು, ಬರಲಿಲ್ಲ. ಅಮ್ಮ ಕತೆ ಹೇಳುತ್ತ ಹೇಳುತ್ತ ಮಲಗಿಸಿದಾಗ ಬೀಳುವ ಕನಸಿನ ಹಾಗೆ ಇತ್ತು, ಬೀಳುತ್ತಿದ್ದೇನೆಂದು ತಿಳಿದೂ ಬೀಳುವ ಸುಖ.

ವೋಲ್ತ್ರಿಯಲ್ಲಿ ರಸ್ತೆ ಸಮವಾಯಿತು. ಗಿರಣಿಯ ಜನ ಜೊಬಾತ್ತಾನ ಹೆಸರು ಕೂಗಿದರು. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದಾಗ ಎವಾಸಿಯೊನ ಎಡಗಿವಿಯಲ್ಲಿ ಒಂದು ಸದ್ದು ತೆರೆದುಕೊಂಡಿತು. ಏನೋ ದೊಡ್ಡದು ಉಸಿರು ಎಳೆದು, ತಡೆದು, ಬಿಡುತ್ತಿತ್ತು. ಒಂದು ತೂಬಿನಿಂದ ಹರಿಯುವ ನೀರು ಎಷ್ಟು ಎಂದು ಅವನು ಕೇಳಿಯೇ ಹೇಳಬಲ್ಲವನು. ಇದನ್ನು ಅಳೆಯಲು ಹೋದ. ಹತ್ತು ತೂಬು, ನೂರು ತೂಬು, ಇಡೀ ಬಯಲಿನ ತೂಬುಗಳು... ಲೆಕ್ಕ ಎಲ್ಲೋ ಕಳೆದುಹೋಯಿತು.

ಎರಡು ಗಂಟೆ ಹಾಗೆ ಹೋದರು, ಏರು ಬಂದಾಗ ಏರು, ಇಳಿವು ಬಂದಾಗ ಇಳಿವು. ಸವೋನಾ ಇನ್ನು ನಾಲ್ಕು ಕಿಲೋಮೀಟರು ಇರುವಾಗ ಜೊಬಾತ್ತಾನ ದನಿ ಮೊದಲ ಸಲ ಹಿಂದೆ ಬಿತ್ತು.

"ನನ್ನ ಕಾಲು ಮುಗೀತು ಕಣೋ. ಕಟ್ಟಿಗೆ ಆಗಿಬಿಟ್ಟಿದೆ. ಹಿಂದೆ ಮೂವರು ಬರ್ತಿದಾರೆ."

"ಹಾಗಾದ್ರೆ ನಿಧಾನಕ್ಕೆ ಹೋಗೋಣ."

"ಯಾವನೋ ಇವನು! ಕೇಳು. ಇನ್ನು ಮೇಲೆ ನೇರ ರಸ್ತೆ, ಅಗಲ ರಸ್ತೆ. ಕಡಲು ಎಡಕ್ಕೆ. ಸದ್ದು ಈಗೆಷ್ಟಿದೆಯೋ ಅಷ್ಟೇ ಇರ್ಬೇಕು. ಜಾಸ್ತಿ ಆಯ್ತಾ, ಬಲಕ್ಕೆ ಎಳ್ಕೋ. ಕಮ್ಮಿ ಆಯ್ತಾ, ಎಡಕ್ಕೆ ಬಿಡು. ಹೋಗು."

"ನಿನ್ನ ಬಿಟ್ಟು?"

"ಆ ಮೂವರಲ್ಲಿ ಒಬ್ಬ ಜಿನೋವಾದವನು. ಅವನು ಗೆದ್ರೆ ನಾನು ವರ್ಷವಿಡೀ ಅವನ ಮಾತು ಕೇಳ್ಬೇಕು. ಅದಕ್ಕಿಂತ ಕುರುಡ ಗೆಲ್ಲೋದು ವಾಸಿ. ಹೋಗ್ತೀಯೋ, ಒದೀಲೋ?"

ಅವನು ಹೋದ. ದನಿ ಹಿಂದೆ ಸಣ್ಣದಾಗಿ ಇಲ್ಲವಾಯಿತು. ಈಗ ಲೋಕದಲ್ಲಿ ಉಳಿದದ್ದು ಬಿಳುಪು ಮತ್ತು ಎಡಗಿವಿ. ಕಡಲಿನ ಸದ್ದನ್ನು ಒಂದು ಹಗ್ಗದ ಹಾಗೆ ಹಿಡಿದುಕೊಂಡು ಅದರ ಪಕ್ಕದಲ್ಲಿ, ತಾಗದೆ, ಬಿಡದೆ ಜಾರುತ್ತ ಹೋದ. ಕಾಲಿಗೆ ಭಾರವಿರಲಿಲ್ಲ. ಎಲ್ಲೋ ಜನ ಕೂಗಿದ ಹಾಗಾಯಿತು, ಕಹಳೆ ಊದಿದ ಹಾಗಾಯಿತು. ಅದೂ ಹಿಂದೆ ಹೋಯಿತು. ಇನ್ನೂ ತುಳಿದ. ಕೊನೆಗೆ ಯಾರೋ ಏದುಸಿರು ಬಿಡುತ್ತ ಓಡಿಬಂದು ಅವನ ಸೀಟನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು.

"ಎಲ್ಲಿಗಪ್ಪಾ ಹೋಗ್ತೀಯ? ಫ್ರಾನ್ಸಿಗಾ? ಗೆದ್ದು ಅರ್ಧ ಮೈಲಿ ಆಯ್ತು!"

ಡಾಕ್ಟರು ಕಣ್ಣಿಗೆ ಔಷಧ ಹಾಕಿ, ಬಿಳಿ ಬಟ್ಟೆ ಕಟ್ಟಿ, ಮೂರು ವಾರ ಬಿಚ್ಚಕೂಡದೆಂದರು. ರೈಲಿನಲ್ಲಿ ಬಂದಿದ್ದ ದೋನ್ ಸೆಕೊಂದೊ ಅವನ ತೋಳು ಹಿಡಿದು ಮರಳಿನ ಮೇಲೆ ನಡೆಸಿಕೊಂಡು ಹೋದರು. ಐದನೆಯವನಾಗಿ ಬಂದ ಜೊಬಾತ್ತಾ ಕುಂಟುತ್ತ ಜೊತೆಗೆ ಬಂದ. ಜಿನೋವಾದವನು ಮೂರನೆಯವನಾದದ್ದಕ್ಕೆ ಅವನಿಗೆ ಪರಮ ಸಂತೋಷ.

"ಹೇಗಿದೆ ಸ್ವಾಮಿ?" ಎಂದು ಎವಾಸಿಯೊ ಕೇಳಿದ.

"ದೊಡ್ಡದಾಗಿದೆ."

"ನಮ್ಮ ಗದ್ದೆಗಳಿಗಿಂತ?"

ಪಾದ್ರಿ ಯೋಚನೆ ಮಾಡಿದರು. "ಬದು ಇಲ್ಲ" ಎಂದರು.

ಎವಾಸಿಯೊ ಬಗ್ಗಿ ಕೈ ಚಾಚಿದ. ನೀರು ತಾನಾಗಿ ಬಂದು ಕೈಯನ್ನು ಮುಟ್ಟಿ ಹಿಂದೆ ಹೋಯಿತು. ಮರುದಿನ ರೈಲಿನಲ್ಲಿ ಊರಿಗೆ ಹೊರಟ.

ಏಪ್ರಿಲ್ ನಡುವಿನಲ್ಲಿ ಕಟ್ಟು ಬಿಚ್ಚಿದಾಗ ನೋಟ ಬಂದಿತ್ತು, ಆದರೆ ಮೊದಲಿನ ಹಾಗಲ್ಲ. ಧೂಳು ಬಿದ್ದರೆ ಸಾಕು, ಕಣ್ಣು ಕೆಂಪಾಗಿ ಊದಿಕೊಳ್ಳುತ್ತಿತ್ತು. ಮೇ ತಿಂಗಳಲ್ಲಿ ಮಿಲಾನಿನ ಒಂದು ಸೈಕಲ್ ಕಾರ್ಖಾನೆಯವನು ಬಂದ. ಹೊಸ ಸೂಟು, ಹೊಳೆಯುವ ಬೂಟು. ಇನ್ನು ಹವ್ಯಾಸಿಯಾಗಿ ಇರಬೇಕಾಗಿಲ್ಲ, ಕಾರ್ಖಾನೆಯ ಹೆಸರಿನಲ್ಲಿ ಓಡಿಸು, ಸಂಬಳ ಕೊಡುತ್ತೇವೆ ಎಂದ.

"ಎಷ್ಟು ತಿಂಗಳು?" ಎಂದು ಎವಾಸಿಯೊ ಕೇಳಿದ.

"ಮಾರ್ಚಿನಿಂದ ಅಕ್ಟೋಬರ್."

"ಆಗ ಇಲ್ಲಿ ನೀರು ಯಾರು ನೋಡ್ಕೋತಾರೆ?"

"ಯಾರೋ ಒಬ್ಬರು ನೋಡ್ಕೋತಾರೆ ಬಿಡಪ್ಪ!"

ಆ ಯಾರೋ ಒಬ್ಬರು ತೂಬು ಎತ್ತುವುದನ್ನು ಎವಾಸಿಯೊ ಕಣ್ಣಿಗೆ ತಂದುಕೊಳ್ಳಲು ನೋಡಿದ, ಆಗಲಿಲ್ಲ. ನೀರಿನ ಕಾರಣವನ್ನೇ ಅವನು ಬಾಯಲ್ಲಿ ಹೇಳಿದ್ದು. ಒಳಗೆ ಬೇರೆಯದೂ ಇತ್ತು. ಆ ಹೊತ್ತು ಬಂದರೆ ಬರುತ್ತದೆ, ಬಾರದಿದ್ದರೆ ಇಲ್ಲ. ಸಂಬಳ ತೆಗೆದುಕೊಂಡ ಮೇಲೆ ಅದು ಪ್ರತಿ ಭಾನುವಾರ ಬರಲೇಬೇಕು. ಹಾಗೆ ಕರೆದರೆ ಅದು ಬರುವಂಥದ್ದಲ್ಲವೆಂಬ ಹೆದರಿಕೆ. ಕಾರ್ಖಾನೆಯವನು ಕೆಸರಾದ ಬೂಟು ಒರೆಸಿಕೊಂಡು ಹೋದ. ದೋನ್ ಸೆಕೊಂದೊ ಒಂದು ವಾರ ಅವನ ಜೊತೆ ಮಾತು ಬಿಟ್ಟರು.

ಕಳೆ ಕೀಳುವ ಹೆಂಗಸರು ಬಂದ ದಿನವೇ ಜಾಯಿರಾ ಸಾಲಿನಿಂದ ಈಚೆ ಬಂದು, ಬದುವಿನ ಬುಡದಲ್ಲಿ ನಿಂತಳು.

"ಗೆದ್ದೆಯಂತೆ. ಕಡಲು ಹೇಗಿತ್ತು?"

"ನೋಡ್ಲಿಲ್ಲ."

"ಅಂದ್ರೆ?"

ಅವನು ಎಲ್ಲವನ್ನೂ ಹೇಳಿದ. ಸುಣ್ಣ, ಸುರಂಗ, ಜೊಬಾತ್ತಾನ ದನಿ, ಲಾಯದ ವಾಸನೆ, ಎಡಗಿವಿ. ಅವಳು ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ಅವಳ ಮೊಣಕಾಲಿನ ಸುತ್ತ ನೀರು ನಿಂತಿತ್ತು; ಅದರಲ್ಲಿ ಅವನೂ ಸೈಕಲ್ಲೂ ತಲೆಕೆಳಗಾಗಿ ನಿಂತಿದ್ದವು.

"ಅದರ ಸದ್ದು ಮಾಡಿ ತೋರ್ಸು" ಎಂದಳು.

ಅವನು ಉಸಿರು ಎಳೆದು, ತಡೆದು, ಬಿಟ್ಟ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಮೇಸ್ತ್ರಿ ದೂರದಿಂದ ಗದರಿಸುವವರೆಗೂ ಹಾಗೇ ನಿಂತಿದ್ದಳು.

ನಲವತ್ತು ದಿನ ಮುಗಿಯುವ ಮುನ್ನಾದಿನ ಅವನು ಅವಳನ್ನು ಕೇಳಬೇಕಾದ್ದನ್ನು ಕೇಳಿದ. ಗುದ್ದಲಿಯ ಹಿಡಿಯನ್ನು ನೋಡುತ್ತ, ಅರ್ಧ ಮಾತು ನುಂಗಿ.

"ಕಾಲು ನೀರಲ್ಲಿ ಇಟ್ಕೊಂಡು ನಾನು ಇಂಥದ್ದಕ್ಕೆಲ್ಲ ಉತ್ತರ ಕೊಡಲ್ಲ" ಎಂದಳು ಜಾಯಿರಾ. "ಮುಂದಿನ ವರ್ಷ ಹೇಳ್ತೀನಿ."

ಮಾರನೆಯ ಮಾರ್ಚಿನಲ್ಲಿ ಎವಾಸಿಯೊ ಮತ್ತೆ ಕಸಾಲೆಯ ಸೇತುವೆಯ ಬಳಿ ನಿಂತ. ಕಣ್ಣಿಗೆ ಕಮ್ಮಾರ ಮಾಡಿಕೊಟ್ಟ ಗಾಜಿನ ಕಾಪು. ಅಂದು ಮಂಜಿರಲಿಲ್ಲ, ಆಕಾಶ ತೊಳೆದಿಟ್ಟ ಹಾಗಿತ್ತು. ಎಲ್ಲವೂ ಕಾಣುತ್ತಿತ್ತು: ಮುಂದಿನವನ ಬೆನ್ನು, ಮೈಲಿಗಲ್ಲು, ತನ್ನ ಮೊಣಕಾಲು. ಅವನ ಹೊತ್ತು ಬರಲಿಲ್ಲ. ಬೆಟ್ಟದ ಬುಡದಲ್ಲೇ ಜೊಬಾತ್ತಾ ಮುಂದೆ ಹೋದವನು, "ಬರ್ತೀಯೇನೋ?" ಎಂದು ಹಿಂದಿರುಗಿ ಕೂಗಿದ. ಎವಾಸಿಯೊ ಕೈ ಬೀಸಿ, ಹೋಗು ಎಂದ.

ಒಬ್ಬನೇ ಸುರಂಗ ದಾಟಿದ. ಕಡಲು ಕಂಡಿತು. ದೂರದಲ್ಲಿ, ಕೆಳಗೆ ಮಲಗಿರುವ ಬದಲು ನೆಟ್ಟಗೆ ನಿಂತ ಹಾಗೆ, ನೀಲಿ ಗೋಡೆಯ ಹಾಗೆ. ಚೆನ್ನಾಗಿತ್ತು. ಆದರೆ ಅವನು ಕೇಳಿದ್ದು ಇದಕ್ಕಿಂತ ದೊಡ್ಡದಿತ್ತು. ಇಳಿಯುತ್ತ ಹೋದ. ಬಾಗಿಲುಗಳ ಹಾಗೆ ತೆರೆದಿದ್ದ ತಿರುವುಗಳು ಸಾಮಾನ್ಯ ತಿರುವುಗಳಾಗಿದ್ದವು. ಗುಡುಗಿದ್ದ ಸೇತುವೆ ಎಂಟು ಹಲಗೆಯದು. ಲಾಯದ ಬಾಗಿಲಲ್ಲಿ ಒಂದು ಹೇಸರಗತ್ತೆ ನಿಂತು ಅವನನ್ನು ನೋಡಿತು. ತಾನು ಕಣ್ಣಿಲ್ಲದೆ ಇಳಿದ ಆ ಬೆಟ್ಟ ಎಲ್ಲಿ ಹೋಯಿತೆಂದು ಅವನಿಗೆ ಸ್ವಲ್ಪ ಬೇಸರವಾಯಿತು. ಹಾಗೆಯೇ ಅದನ್ನು ಕಂಡವನು ತಾನೊಬ್ಬನೇ ಎಂದು ಒಳಗೊಳಗೇ ಒಂದು ತೃಪ್ತಿಯೂ ಆಯಿತು.

ಆ ವರ್ಷ ಜೊಬಾತ್ತಾ ಗೆದ್ದ. ಎವಾಸಿಯೊ ಬಂದು ಮುಟ್ಟುವ ಹೊತ್ತಿಗೆ ಕಹಳೆಯವರು ಮನೆಗೆ ಹೋಗಿದ್ದರು. ಕಣ್ಣು ಮತ್ತೆ ಊದಿತ್ತು. ಡಾಕ್ಟರು ಅದೇ ಡಾಕ್ಟರು. "ಇನ್ನು ಸಾಕು ಮಾಡಪ್ಪ" ಎಂದರು. ಅವನೂ ಹೂಂ ಎಂದ. ಐದು ವರ್ಷದ ಓಟ ಅಲ್ಲಿಗೆ ಮುಗಿಯಿತು. ಹಗುರ ಸೈಕಲ್ಲನ್ನು ಕಮ್ಮಾರನ ಅಂಗಡಿಯ ಅಟ್ಟಕ್ಕೆ ಏರಿಸಿ, ಏಪ್ರಿಲ್ ಮೊದಲನೆಯ ದಿನ ನಾಲೆಯ ದೊಡ್ಡ ತೂಬು ಎತ್ತಿದ. ಒಣ ಹೆಂಟೆಗಳ ನಡುವೆ ನೀರು ನುಸುಳಿ, ಬಯಲು ಮತ್ತೆ ಆಕಾಶವಾಯಿತು.

ಮೇ ಕೊನೆಯಲ್ಲಿ ರೆಜ್ಜೊದ ಹೆಂಗಸರು ಬಂದರು. ಜಾಯಿರಾ ಸಾಲಿನಲ್ಲಿ ಬಗ್ಗಿದ್ದವಳು ತಲೆ ಎತ್ತಲಿಲ್ಲ. ಅವನ ಕಬ್ಬಿಣದ ಸೈಕಲ್ಲಿನ ಕಿರುಗುಟ್ಟುವ ಸದ್ದು ಅವಳಿಗೆ ಗೊತ್ತಿತ್ತು.

"ಈ ಸಲ ಎಷ್ಟನೆಯವನು?"

"ಹತ್ತೊಂಬತ್ತು."

"ಎಷ್ಟು ಜನ ಮುಟ್ಟಿದ್ರು?"

"ಇಪ್ಪತ್ತೆರಡು."

"ಅಂದ್ರೆ ನಿನಗಿಂತ ಕೆಟ್ಟ ದಿನ ಕಂಡವರು ಇನ್ನೂ ಮೂವರಿದಾರೆ." ಒಂದು ಹಿಡಿ ಕಳೆ ಕಿತ್ತು ಬೆನ್ನ ಹಿಂದೆ ಎಸೆದಳು. "ಆಯ್ತು."

"ಏನು ಆಯ್ತು?"

"ಹೋದ ವರ್ಷ ಕೇಳಿದ್ಯಲ್ಲ, ಅದು ಆಯ್ತು."

"ಕಾಲು ನೀರಲ್ಲಿ ಇಟ್ಕೊಂಡು ಹೇಳಲ್ಲ ಅಂದಿದ್ದೆ."

"ಊರಿಂದ ಹೊರಡುವಾಗ್ಲೇ ತೀರ್ಮಾನ ಮಾಡಿದ್ದೆ. ಆಗ ಕಾಲು ಒಣಗಿತ್ತು" ಎಂದಳು. ಪಕ್ಕದವಳು ಕಿಸಕ್ಕನೆ ನಕ್ಕಳು, ಅವಳ ಪಕ್ಕದವಳು ಏನೆಂದು ಕೇಳಿದಳು, ಸುದ್ದಿ ಸಾಲಿನ ಆ ತುದಿಯವರೆಗೆ ಬಗ್ಗಿದ ಬೆನ್ನುಗಳ ಮೇಲೆ ಹರಿದುಹೋಯಿತು. ಯಾರೋ ಹಾಡು ಎತ್ತಿಕೊಂಡರು. ಮೇಸ್ತ್ರಿ ಕೈ ತಟ್ಟಿದ, ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.

ಎವಾಸಿಯೊ ಬದುವಿನ ಮೇಲೆ ನಿಂತು ನೀರನ್ನು ನೋಡಿದ. ಆ ಮಡಿಯಲ್ಲಿ ಒಂದು ಬೆರಳು ಕಡಿಮೆ ಇತ್ತು. ಗುದ್ದಲಿ ಹೆಗಲಿಗೇರಿಸಿಕೊಂಡು, ಸೈಕಲ್ಲು ಹತ್ತಿ, ನಾಲ್ಕನೆಯ ತೂಬಿನ ಕಡೆ ಹೊರಟ.